ಬಟವಾಡೆಯ ಲೆಕ್ಕದಲ್ಲಿ ಇಂಟರ್ನ್‌ಶಿಪ್

ದಕ್ಷಿಣ ಕೊಡಗಿನ ಪದವಿ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಯರವ, ಜೇನುಕುರುಬ ಆದಿವಾಸಿಗಳ ಹಾಡಿಗಳಿಂದ, ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಇವರು ಸಂಶೋಧನಾಲಯಗಳಲ್ಲಿ ಏಕೆ ಕಾಣುವುದಿಲ್ಲ ಎಂದು ಕೇಳಿದರೆ ಅಂಕ, ಇಂಗ್ಲಿಷ್, ಆಸಕ್ತಿ ಎಂದು ಕಾರಣ ಹೇಳುವವರು ಬಹಳ. ನಾನು ಕಂಡ ಮಟ್ಟಿಗೆ ಮೊದಲ ಕಾರಣ ಕೂಲಿ. ರಜೆ ಬಂತೆಂದರೆ ಈ ಮಕ್ಕಳು ಕಾಳುಮೆಣಸು ಕೊಯ್ಯಲು ಹೋಗುತ್ತಾರೆ. ಆ ಹಣದಲ್ಲೇ ಮುಂದಿನ ವರ್ಷದ ಬಸ್ ಪಾಸು, ಪುಸ್ತಕ.

ಬೇಸಿಗೆ ತರಬೇತಿಗೆ ಮಗಳನ್ನು ಕಳುಹಿಸಿ ಎಂದು ಕೇಳಲು ಹೋದಾಗ ಒಬ್ಬ ತಾಯಿ, "ಅಲ್ಲಿ ವಾರದ ಬಟವಾಡೆ ಉಂಟಾ ಮೇಡಂ?" ಎಂದರು. ಭತ್ಯೆ ಕೊಟ್ಟು ಇಂಟರ್ನ್‌ಶಿಪ್ ಮಾಡಿಸುವ ನನ್ನ ಯೋಜನೆ ಹುಟ್ಟಿದ್ದೇ ಆ ಪ್ರಶ್ನೆಯಿಂದ.

ದಾರಿಗಳು ಇಲ್ಲವೆಂದಲ್ಲ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆಯಲ್ಲಿ ಎರಡು ತಿಂಗಳ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಆದರೆ ಅರ್ಜಿಯ ಕಾಲ ಸಾಮಾನ್ಯವಾಗಿ ನವೆಂಬರ್. ಅರೇಬಿಕಾ ಕಾಫಿಯ ಕೊಯ್ಲು ಆರಂಭವಾಗಿ ಮನೆಮಂದಿಯೆಲ್ಲ ತೋಟದಲ್ಲಿರುವ ಹೊತ್ತು. 2024ರಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಬಂದಾಗ ತಿಂಗಳಿಗೆ 5,000 ರೂಪಾಯಿ ಎಂದು ಕೇಳಿ ಮಕ್ಕಳು ಹಿಗ್ಗಿದರು. ಆಗ ಅದು ಇದ್ದದ್ದು 21ರಿಂದ 24 ವರ್ಷದವರಿಗೆ. ಪೂರ್ಣಾವಧಿ ಓದುತ್ತಿದ್ದವರಿಗೆ ಇರಲಿಲ್ಲ.

ಹಾಗಾಗಿ ಕೆಲಸವನ್ನು ಇಲ್ಲಿಯೇ ಹುಡುಕಿದೆ. ಕೊಡಗಿನ ತೋಟದ ಮನೆಗಳಲ್ಲಿ ಮಳೆಯ ಲೆಕ್ಕದ ಪುಸ್ತಕಗಳಿವೆ, ಕೆಲವು ಅಜ್ಜಂದಿರ ಕಾಲದವು. ಅವನ್ನು ಕಂಪ್ಯೂಟರಿಗೆ ಏರಿಸಿ, ಕಾಫಿ ಹೂ ಅರಳಿಸುವ ಹೂಮಳೆ ಯಾವ ವರ್ಷ ಯಾವಾಗ ಬಿತ್ತು, ಅದರ ಹಿಂದೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಬಂತೇ ಎಂದು ಬಿಡಿಸಿ ಕೊಡುತ್ತೇವೆ ಎಂದು ಬೆಳೆಗಾರರನ್ನು ಕೇಳಿದೆ. ರೊಬಸ್ಟಾ ಕಾಫಿ ಬೆಳೆಯುವವರಿಗೆ ಇದಕ್ಕಿಂತ ಬೇಕಾದ ಮಾಹಿತಿ ಇಲ್ಲ. ಒಬ್ಬೊಬ್ಬರು ಒಬ್ಬೊಬ್ಬ ವಿದ್ಯಾರ್ಥಿಯ ಭತ್ಯೆ ಹೊತ್ತರು.

ಭತ್ಯೆ ಎಷ್ಟು ಎಂಬುದನ್ನು ನಾನು ಊಹೆಯಿಂದ ಹೇಳಲಿಲ್ಲ. ತೋಟದ ಒಂದು ದಿನದ ಕೂಲಿ, ಬಸ್ ದರ, ಮಧ್ಯಾಹ್ನದ ಊಟ ಕೂಡಿಸಿದೆ. ಕೂಲಿಗಿಂತ ಒಂದು ರೂಪಾಯಿ ಕಡಿಮೆಯಾದರೂ ಮಕ್ಕಳು ಬರಲಾರರು, ಬರಬೇಕೆಂದು ಕೇಳುವ ಹಕ್ಕೂ ನಮಗಿಲ್ಲ. ಮೊದಲ ಕಂತು ಕೆಲಸಕ್ಕೆ ಮುಂಚೆ, ಉಳಿದದ್ದು ವಾರವಾರ, ಸಂತೆಗೆ ಮೊದಲು, ವಿದ್ಯಾರ್ಥಿಯ ಸ್ವಂತ ಖಾತೆಗೆ. ಕೊನೆಗೆ ಪ್ರಮಾಣಪತ್ರದ ಜೊತೆ ಒಟ್ಟಿಗೆ ಕೊಡುತ್ತೇವೆ ಎಂದವರಿಗೆ ಒಪ್ಪಲಿಲ್ಲ. ಆಯ್ಕೆಗೆ ಅಂಕಪಟ್ಟಿ ಕೇಳಲಿಲ್ಲ. ತಾವು ಗಮನಿಸಿ ಅಳೆದ ಯಾವುದಾದರೂ ಒಂದರ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೆಯಿಸಿದೆ. ಒಂದೇ ಹಾಡಿಯಿಂದ ಇಬ್ಬರು ಜೊತೆಯಾಗಿ ಬರುವಂತೆ ನೋಡಿಕೊಂಡೆ. ಹೆಣ್ಣುಮಕ್ಕಳ ಮನೆಯವರಿಗೆ ಇದರಿಂದಲೇ ಅರ್ಧ ಧೈರ್ಯ ಬಂತು.

ಮಳೆ ಪುಸ್ತಕದಲ್ಲಿ ಲೆಕ್ಕ ಇಂಚು, ಸೆಂಟಿನಲ್ಲಿರುತ್ತದೆ; ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ. '1-20' ಎಂದರೆ ಒಂದು ಇಂಚು ಇಪ್ಪತ್ತು ಸೆಂಟು, ಅಂದರೆ 30.48 ಮಿಲಿಮೀಟರ್. ಪರಿವರ್ತನೆಯ ಸೂತ್ರವನ್ನು ಎಲ್ಲರೂ ಬೇಗ ಕಲಿತರು. ಪುಸ್ತಕದ ಪಟ್ಟಿಯಲ್ಲಿ ಖಾಲಿಯಿದ್ದ ಮನೆಗಳನ್ನೆಲ್ಲ ಸೊನ್ನೆ ಎಂದು ತುಂಬುತ್ತಿದ್ದಾಗ ಲೈನ್ ಮನೆಯ ಹುಡುಗಿಯೊಬ್ಬಳು ತಡೆದಳು. "ಮೇಡಂ, ಮಳೆ ಇಲ್ಲದ ದಿನ ತೋಟದ ಲೆಕ್ಕ ಬರೆಯುವ ರೈಟರ್ ಗೆರೆ ಎಳೆಯುತ್ತಾರೆ. ಖಾಲಿ ಬಿಟ್ಟಿದ್ದರೆ ಆ ದಿನ ಅಳೆದೇ ಇಲ್ಲ. ನಮ್ಮ ಅಪ್ಪ ಮಳೆಮಾಪಕ ನೋಡುತ್ತಿದ್ದರು, ನನಗೆ ಗೊತ್ತು." ಪುಸ್ತಕ ತಿರುವಿದೆವು: ಪೆನ್ಸಿಲಿನ ಸಣ್ಣ ಗೆರೆಗಳು ಬೇರೆ, ಖಾಲಿ ಮನೆಗಳು ಬೇರೆ. ಸೊನ್ನೆ ತುಂಬಿದ್ದರೆ ಬಿದ್ದ ಮಳೆಯೇ ಲೆಕ್ಕದಿಂದ ಮಾಯವಾಗುತ್ತಿತ್ತು. ದತ್ತಾಂಶ ಕಾಣೆಯಾಗುವುದಕ್ಕೂ ಸೊನ್ನೆಯಾಗುವುದಕ್ಕೂ ಇರುವ ಅಂತರವನ್ನು ಅವಳಷ್ಟು ಚೆನ್ನಾಗಿ ನಾನು ತರಗತಿಯಲ್ಲಿ ಕಲಿಸಿರಲಿಲ್ಲ.

ಅವಳೀಗ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕಿದ್ದಾಳೆ. ಅರ್ಜಿ ಶುಲ್ಕವನ್ನೂ ಪ್ರವೇಶ ಪರೀಕ್ಷೆಯ ಪ್ರಯಾಣದ ಖರ್ಚನ್ನೂ ಈ ವರ್ಷದಿಂದ ಭತ್ಯೆಯ ಲೆಕ್ಕದಲ್ಲೇ ಸೇರಿಸಿ ಬೆಳೆಗಾರರ ಮುಂದಿಡುತ್ತಿದ್ದೇನೆ.