ಗಂಬೊ ತೆಳ್ಳಗಾಗಿ ಎಣ್ಣೆ ತೇಲುತ್ತಿತ್ತು: ಸರಿಹೋದದ್ದು ಹೀಗೆ

ಅಮೆರಿಕದ ಲೂಯಿಸಿಯಾನಾದ ಕೋಳಿ–ಸಾಸೇಜ್ ಗಂಬೊ, ಅಂದರೆ ಮಂದವಾದ ಸಾರು. ಒಂದು ಗಂಟೆ ಕುದಿಸಿದರೂ ತಿಳಿಸಾರಿನಷ್ಟೇ ತೆಳು, ಮೇಲೆ ಎಣ್ಣೆಯ ಪದರ.

ಕೊನೆಗೆ ಕಾರ್ನ್‌ಫ್ಲೋರ್ ಕದಡಿ ಹಾಕಿದರೆ ಗೋಬಿ ಮಂಚೂರಿ ಗ್ರೇವಿಯ ಹೊಳಪು ಬಂತು, ಎಣ್ಣೆ ಹಾಗೇ ಉಳಿಯಿತು. ಫಿಲೆ, ಅಂದರೆ ಸಸಾಫ್ರಾಸ್ ಎಲೆಯ ಪುಡಿ, ಕುದಿಯುವಾಗಲೇ ಹಾಕಿದ್ದಕ್ಕೆ ನೂಲುನೂಲಾಯಿತು. ಅದು ಒಲೆ ಆರಿಸಿದ ಮೇಲೆ ಹಾಕುವಂಥದ್ದು.

ತಪ್ಪು ಇದ್ದದ್ದು ರೂನಲ್ಲಿ, ಅಂದರೆ ಎಣ್ಣೆಯಲ್ಲಿ ಹುರಿದ ಮೈದಾದಲ್ಲಿ. ಒಂದು ಕಪ್ ಮೈದಾ ಸುಮಾರು 125 ಗ್ರಾಂ, ಒಂದು ಕಪ್ ಎಣ್ಣೆ ಸುಮಾರು 220 ಗ್ರಾಂ. ಕಪ್ಪಿಗೆ ಕಪ್ ಹಾಕಿದರೆ ಎಣ್ಣೆ ಮಿಗುತ್ತದೆ. ಜೊತೆಗೆ ರೂ ಕಪ್ಪಾದಷ್ಟೂ ಪಿಷ್ಟ ಒಡೆದು, ಗಟ್ಟಿ ಮಾಡುವ ಶಕ್ತಿ ಕುಂದುತ್ತದೆ.

ಈಗಿನ ಅಳತೆ: ಮೈದಾ 150 ಗ್ರಾಂ, ಎಣ್ಣೆ 150 ಗ್ರಾಂ, ಸ್ಟಾಕ್ (ಮೂಳೆ ಅಥವಾ ತರಕಾರಿ ಬೇಯಿಸಿ ಸೋಸಿದ ನೀರು) ಒಂದೂಮುಕ್ಕಾಲು ಲೀಟರ್. ದಪ್ಪ ತಳದ ಪಾತ್ರೆ, ಸಣ್ಣ–ಮಧ್ಯಮ ಉರಿ, ಚಪ್ಪಟೆ ಮರದ ಸೌಟು. 40 ನಿಮಿಷ ಕೈ ಬಿಡದೆ ತಿರುವಬೇಕು. ಮೊದಲು ಹಸಿ ಹಿಟ್ಟಿನ ವಾಸನೆ, ಆಮೇಲೆ ಹುರಿದ ಕಡಲೆಬೀಜದ್ದು, ಕೊನೆಗೆ ಚಾಕೊಲೇಟ್ ಬಣ್ಣ. ಒಂದೇ ಒಂದು ಕರಿ ಚುಕ್ಕೆ ಕಂಡರೂ ಕಹಿ ಹೋಗುವುದಿಲ್ಲ, ಚೆಲ್ಲಿ ಹೊಸದಾಗಿ ಶುರುಮಾಡಿ.

ಬಣ್ಣ ಬಂದ ತಕ್ಷಣ ಹೆಚ್ಚಿದ ಈರುಳ್ಳಿ, ಸೆಲರಿ, ದೊಣ್ಣೆಮೆಣಸಿನಕಾಯಿ ಹಾಕಿ. ರೂ ಇನ್ನೂ ಕಪ್ಪಾಗುವುದು ನಿಲ್ಲುತ್ತದೆ. ಐದು ನಿಮಿಷದ ನಂತರ ಬಿಸಿ ಸ್ಟಾಕನ್ನು ಸೌಟು ಸೌಟಾಗಿ ಬೆರೆಸಿ, ಪ್ರತಿ ಸಲ ಗಂಟಿಲ್ಲದಂತೆ ಕದಡಿ. ಬೆಂಡೆ ಹಾಕುವುದಾದರೆ ಬೇರೆ ಬಾಣಲೆಯಲ್ಲಿ ಲೋಳೆ ಹೋಗುವವರೆಗೆ ಹುರಿದು ಹಾಕಿ. ಕೋಳಿ, ಸಾಸೇಜ್ ಸೇರಿಸಿ ಸಣ್ಣ ಉರಿಯಲ್ಲಿ ಒಂದು ಗಂಟೆ. ಸಾಸೇಜ್ ಬಿಟ್ಟ ಕೊಬ್ಬನ್ನು ಸೌಟಿನಿಂದ ತೆಗೆಯಿರಿ.