ಹಿತ್ತಲ ಬೇಲಿ: ಗುಂಡಿ ತೋಡುವ ಮೊದಲು ದಾರ ಕಟ್ಟಿ

ದೀಪಾವಳಿ ಮುಗಿಯುತ್ತಿದ್ದಂತೆ ನಮ್ಮ ಕಡೆ ಕಟ್ಟಡದ ಕೆಲಸಗಳು ಮತ್ತೆ ಶುರುವಾಗುತ್ತವೆ. ಕೊಪ್ಪಳ, ರಾಯಚೂರು, ಬಳ್ಳಾರಿಯ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿ ಕೈ ಖಾಲಿಯಾದವರು ಹಿತ್ತಲ ಬೇಲಿಯನ್ನು ಈ ಹೊತ್ತಿಗೆಂದೇ ಮುಂದೂಡಿರುತ್ತಾರೆ. ಒಂದು ಭಾನುವಾರ ಬೆಳಗ್ಗೆ ಟ್ರ್ಯಾಕ್ಟರಿನಿಂದ ಕಲ್ಲುಕಂಬಗಳು ಇಳಿಯುತ್ತವೆ, ಇಬ್ಬರು ಆಳುಗಳು ಹಾರೆ ಹಿಡಿದು ನಿಲ್ಲುತ್ತಾರೆ, ಪಕ್ಕದ ಮನೆಯ ಯಜಮಾನರು ಹಲ್ಲುಜ್ಜುತ್ತಲೇ ಹೊರಬಂದು "ಇದೇನು, ಇಲ್ಲಿ ತೋಡುತ್ತಿದ್ದೀರಿ?" ಎಂದು ಕೇಳುತ್ತಾರೆ. ಮುಂದಿನ ಮಾತು ಇಡೀ ಓಣಿಗೆ ಕೇಳಿಸುತ್ತದೆ. ನಾನು ಕಂಡ ಬೇಲಿ ಜಗಳಗಳಲ್ಲಿ ಮುಕ್ಕಾಲು ಪಾಲು ಹುಟ್ಟಿದ್ದು ಕಂಬ ಬಂದ ದಿನವೇ ನೆರೆಯವರಿಗೆ ಸುದ್ದಿ ತಿಳಿದದ್ದರಿಂದ. ಹಾಗಾಗಿ ಈ ಲೇಖನದ ಅರ್ಧ ದಾಟುವವರೆಗೆ ಯಾರೂ ಗುಂಡಿ ತೋಡುವಂತಿಲ್ಲ.

ಮೊದಲು ಕಾಗದ

ಖರೀದಿ ಪತ್ರದ ಚಕ್ಕುಬಂದಿ ಓದಿ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ರಸ್ತೆ ಎಂಬುದು ಅಲ್ಲಿರುತ್ತದೆ. ಅಡಿಯ ಲೆಕ್ಕವೂ ಇದೆಯೇ ನೋಡಿಕೊಳ್ಳಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಪಂಚಾಯಿತಿ ಕೊಡುವ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9ನ್ನೂ ಎದುರಿಗಿಟ್ಟುಕೊಳ್ಳಿ. ಹಳೆಯ ಕಾಗದವಾದರೆ ಒಂದು ಎಚ್ಚರ ಬೇಕು. 1953ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದ ಬಳ್ಳಾರಿಯಲ್ಲಿ ಈಗಲೂ ಸೆಂಟ್ಸ್ ಲೆಕ್ಕ. ನಿಜಾಮರ ಕಡೆಗಿದ್ದ ರಾಯಚೂರು, ಕೊಪ್ಪಳಗಳಲ್ಲಿ ಗುಂಟೆ. ಎಕರೆಗೆ 100 ಸೆಂಟ್ಸ್ ಅಥವಾ 40 ಗುಂಟೆ, ಅಂದರೆ 1,089 ಚದರ ಅಡಿಯ ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. ಬಳ್ಳಾರಿಯವರು ಸಿಂಧನೂರಿನಲ್ಲಿ ನಿವೇಶನ ಕೊಂಡಾಗ ಇವೆರಡನ್ನೂ ಕಲಸಿ ಮಾತನಾಡಿ ನೆರೆಯವರನ್ನು ಗಾಬರಿಪಡಿಸುವುದುಂಟು.

ಅಳತೆಗೆ ಉಕ್ಕಿನ ಟೇಪು ಬಳಸಿ. ಬಟ್ಟೆಯ ಟೇಪು ಎಳೆದಷ್ಟು ಉದ್ದವಾಗುತ್ತದೆ. ಪಕ್ಕದ ಮನೆಯ ಗೋಡೆಯಿಂದ ಅಳೆಯಲು ಶುರುಮಾಡಬೇಡಿ. ಆ ಗೋಡೆಯೇ ಸರಿಯಾದ ಜಾಗದಲ್ಲಿದೆ ಎಂದು ಹೇಳಿದವರು ಯಾರು? ಬಡಾವಣೆಯ ಮೂಲೆಗಲ್ಲು ಇದ್ದರೆ ಅಲ್ಲಿಂದ, ಇಲ್ಲವಾದರೆ ರಸ್ತೆಯ ಅಂಚಿನಿಂದ ಅಳೆದುಕೊಂಡು ಬನ್ನಿ. ಸಾಲಿನ ಎಲ್ಲ ನಿವೇಶನಗಳೂ ಕಾಗದದಲ್ಲಿ 30 ಅಡಿ ಇದ್ದು, ನೆಲದಲ್ಲಿ ಒಟ್ಟು ಅಳತೆ ಎರಡು ಅಡಿ ಕಡಿಮೆ ಬರುವುದು ಅಪರೂಪವಲ್ಲ. ಆಗ ಕೊರತೆ ನಿಮ್ಮೊಬ್ಬರದೂ ಅಲ್ಲ, ಪಕ್ಕದವರ ಕಳ್ಳತನವೂ ಅಲ್ಲ. ಲೆಕ್ಕ ಕೂಡಿಬರದಿದ್ದರೆ ಭೂಮಾಪಕರನ್ನು ಕರೆಸಿ. ಸರ್ವೆ ನಂಬರಿನ ಜಮೀನಾದರೆ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸುವ ಸರ್ಕಾರಿ ಅಳತೆಗೆ, ಅರ್ಜಿ ಹಾಕಿ. ಅದರಲ್ಲಿ ಅಕ್ಕಪಕ್ಕದವರಿಗೆ ನೋಟಿಸು ಹೋಗುತ್ತದೆ, ಅವರ ಎದುರಿನಲ್ಲೇ ಅಳತೆ ನಡೆಯುತ್ತದೆ. ತಡವಾಗುತ್ತದೆ ನಿಜ, ಆದರೆ ನ್ಯಾಯಾಲಯದಷ್ಟು ತಡವಾಗುವುದಿಲ್ಲ.

ದಾರ ಕಟ್ಟಿ, ವಾರ ಬಿಡಿ

ಕೆಲಸ ಕೆಡುವುದು ಇಲ್ಲಿಯೇ. ಎರಡು ಗೂಟ ಹೊಡೆದು ಗೆರೆಯುದ್ದಕ್ಕೂ ದಾರ ಎಳೆಯಿರಿ, ಕೆಳಗೆ ಸುಣ್ಣದ ಪುಡಿ ಚೆಲ್ಲಿ. ಆಮೇಲೆ ಒಂದು ವಾರ ಏನೂ ಮಾಡಬೇಡಿ. ದಾರ ಕಂಡ ಮೇಲೆ ಮಾತು ತಾನಾಗಿ ಬರುತ್ತದೆ. ಬಟ್ಟೆ ಒಗೆಯುವ ಕಲ್ಲು ಗೆರೆಯ ಆಚೆ ಹೋಯಿತು, ಬಚ್ಚಲ ನೀರಿನ ಕಾಲುವೆ ಅಡ್ಡ ಬಂತು, ನುಗ್ಗೆ ಗಿಡ ಸರಿಯಾಗಿ ದಾರದ ಮೇಲೆಯೇ ನಿಂತಿದೆ: ಇವೆಲ್ಲ ಬಾಯಿಮಾತಿನಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಮಾತನಾಡಲು ಸಂಜೆ ಹೋಗಿ, ಇಬ್ಬರೂ ಹೋಗಿ. ಬರೀ ಗಂಡಸರು ಕಟ್ಟೆಯ ಮೇಲೆ ಕುಳಿತು ಒಪ್ಪಿದ ಬೇಲಿ ಮರುದಿನ ಅಡುಗೆಮನೆಯಲ್ಲಿ ಬಿದ್ದುಹೋಗುತ್ತದೆ, ಏಕೆಂದರೆ ಹಿತ್ತಲು ನಡೆಯುವುದು ಹೆಂಗಸರ ಕೈಯಲ್ಲಿ. "ಬೇಲಿ ಹಾಕಲೇ?" ಎಂದು ಕೇಳಿದರೆ ಹೌದು ಅಥವಾ ಬೇಡ ಎಂಬ ಉತ್ತರ ಬರುತ್ತದೆ, ಎರಡರಿಂದಲೂ ಉಪಯೋಗವಿಲ್ಲ. "ಕಾಕಾ, ಬೇಲಿ ಹಾಕಿಸಬೇಕೆಂದಿದ್ದೇವೆ. ನಿಮ್ಮ ಕಡೆ ಗಾಳಿ ಬೇಕೋ, ಮರೆ ಬೇಕೋ? ಕಾಕಿಯವರು ಏನು ಹೇಳುತ್ತಾರೆ?" ಎಂದು ಕೇಳಿ. ಆಗ ನಿಜವಾದ ಅಭಿಪ್ರಾಯ ಹೊರಬರುತ್ತದೆ, ಅದು ಮನೆಗೊಂದು ಬಗೆ.

ಆಳೆತ್ತರದ ಗೋಡೆಯೇ ಬೇಕು ಎನ್ನುವವರ ಬಚ್ಚಲು ಸಾಮಾನ್ಯವಾಗಿ ಹಿತ್ತಲಲ್ಲಿರುತ್ತದೆ. ಅವರ ಮಾತು ಪೂರ್ತಿ ಸರಿ, ಆದರೆ ಮರೆ ಬೇಕಾಗಿರುವುದು ಬಚ್ಚಲಿನ ಮುಂದಿನ ಹತ್ತು ಅಡಿಗೆ ಮಾತ್ರ. ಅಷ್ಟಕ್ಕೆ ಇಟ್ಟಿಗೆ ಕಟ್ಟಿಸಿ ಉಳಿದದ್ದಕ್ಕೆ ಜಾಲರಿ ಹಾಕಿದರೆ ಯಾರಿಗೂ ತಕರಾರಿಲ್ಲ. ಗಾಳಿ ಬೇಕೆನ್ನುವವರು ಬೇಸಿಗೆಯಲ್ಲಿ ಹಿತ್ತಲಿಗೆ ಹೊರಸು ಹಾಕಿ ಮಲಗುವವರು; ಬಿಸಿಲು 40 ಡಿಗ್ರಿ ದಾಟುವ ಊರಿನಲ್ಲಿ ಅವರ ಗಾಳಿಗೆ ಗೋಡೆ ಅಡ್ಡ ಕಟ್ಟುವುದು ನನ್ನ ಲೆಕ್ಕದಲ್ಲಿ ಅನ್ಯಾಯ. ಇದು ಬರೀ ಸೌಜನ್ಯದ ಮಾತೂ ಅಲ್ಲ. ಅವರ ಕಿಟಕಿಗೆ 20 ವರ್ಷ ಅಡೆತಡೆಯಿಲ್ಲದೆ ಗಾಳಿ, ಬೆಳಕು ಬಂದಿದ್ದರೆ 1882ರ ಅನುಭೋಗದ ಹಕ್ಕುಗಳ ಕಾಯ್ದೆಯ ಪ್ರಕಾರ ಅವರು ಹಕ್ಕು ಕೇಳಬಹುದು. ಮೂರನೆಯವರಿಗೆ ಹಂದಿ, ಆಡು, ಹಾವಿನ ಚಿಂತೆ. ಹಂದಿ, ಆಡಿಗೆ ಬೇಲಿ ಉಪಾಯವಾಗುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಡುವ ಎರೆ (ಕಪ್ಪು ಮಣ್ಣಿನ) ನೆಲದಲ್ಲಿ ಹಾವು ಬೇಲಿಯನ್ನು ಲೆಕ್ಕಕ್ಕೆ ಇಡುವುದಿಲ್ಲ. ಮಂಗಗಳ ಮಾತು ಎತ್ತಲೇಬೇಡಿ, ಆನೆಗೊಂದಿ ಕಡೆಯವರನ್ನು ಕೇಳಿ ನೋಡಿ: ಗೋಡೆ ಕಟ್ಟಿದರೆ ಅವಕ್ಕೆ ರಸ್ತೆ ಮಾಡಿಕೊಟ್ಟಂತೆ. ಈಶಾನ್ಯದ ಗೋಡೆ ತಗ್ಗಿರಬೇಕು ಎನ್ನುವ ವಾಸ್ತುವಿನವರೊಂದಿಗೆ ವಾದ ಬೇಡ, ಅಲ್ಲಿ ಒಂದು ವರಸೆ ಕಡಿಮೆ ಮಾಡಿದರೆ ಖರ್ಚೂ ಕಡಿಮೆ.

"ಬೇಲಿಯೇ ಬೇಡ, ಇಷ್ಟು ವರ್ಷ ಇರಲಿಲ್ಲ" ಎನ್ನುವ ಹಿರಿಯರನ್ನು ಮೊಂಡರೆಂದು ತಳ್ಳಿಹಾಕಬೇಡಿ. ವಿಚಾರಿಸಿದರೆ ಅವರು ನಲ್ಲಿಗೋ, ಗುಡಿಗೋ ನಿಮ್ಮ ಹಿತ್ತಲಿನಿಂದಲೇ ಓಡಾಡುತ್ತಿರುತ್ತಾರೆ. ಎರಡೂವರೆ ಅಡಿಯ ಸಣ್ಣ ಗೇಟು ಇಡಿ, ಚಿಲಕ ಎರಡೂ ಬದಿಗಿರಲಿ. ಹಬ್ಬದ ದಿನ ಹೋಳಿಗೆಯ ತಟ್ಟೆ ಸುತ್ತು ಹಾಕಿ ಬರುವುದು ನಿಮಗೂ ಬೇಡ.

ಖರ್ಚಿನ ಮಾತಿನಲ್ಲಿ ನನ್ನ ನಿಲುವು ಖಡಾಖಂಡಿತ. ಪಕ್ಕದವರಿಂದ ಅರ್ಧ ದುಡ್ಡು ತೆಗೆದುಕೊಂಡರೆ ಅರ್ಧ ಅಧಿಕಾರವನ್ನೂ ಕೊಡಿ. ಬೇಲಿ ಗೆರೆಯ ನಡುವೆ ನಿಲ್ಲಲಿ. ದುಡ್ಡು ಪೂರ್ತಿ ನಿಮ್ಮದಾದರೆ ಬೇಲಿಯೂ ಪೂರ್ತಿ ನಿಮ್ಮ ಜಾಗದಲ್ಲಿರಲಿ, ನೆಲದ ಕೆಳಗೂ ಸಹ. ಕೊನೆಯ ಮಾತನ್ನು ಗೌಂಡಿಗಳು ಮರೆಯುತ್ತಾರೆ. ಒಂಬತ್ತು ಇಂಚಿನ ಗೋಡೆಗೆ ಎರಡು ಅಡಿ ಅಗಲದ ಬುನಾದಿ ಹಾಕಿದರೆ ಅದು ಎರಡೂ ಬದಿಗೆ ಏಳೂವರೆ ಇಂಚು ಚಾಚುತ್ತದೆ. ಗೋಡೆಯ ಹೊರಮೈ ಗೆರೆಗೆ ಸರಿಯಾಗಿದ್ದರೂ ಬುನಾದಿ ಪಕ್ಕದವರ ಜಾಗದಲ್ಲಿ ಮಲಗಿರುತ್ತದೆ. ಮುಂದೆ ಅವರು ನೀರಿನ ತೊಟ್ಟಿ ತೋಡಿದಾಗ ಅದು ಸಿಕ್ಕೇ ಸಿಗುತ್ತದೆ.

ಬೇಲಿಯನ್ನು ಗೆರೆಯಿಂದ ಒಳಕ್ಕೆ ಸರಿಸಿದರೆ ಆಚೆ ಉಳಿದ ಪಟ್ಟಿಯನ್ನು ಅವರು ಬಳಸತೊಡಗುತ್ತಾರೆ. ಹನ್ನೆರಡು ವರ್ಷ ಎದುರಿಲ್ಲದೆ ಸ್ವಂತದ್ದೆಂಬಂತೆ ಅನುಭವಿಸಿದರೆ 1963ರ ಕಾಲಮಿತಿ ಕಾಯ್ದೆಯ ಆಧಾರದಲ್ಲಿ ಅದು ತಮ್ಮದೇ ಎಂದು ವಾದಿಸಲು ಅವರಿಗೆ ದಾರಿಯಾಗುತ್ತದೆ. ನಿಮ್ಮ ಅನುಮತಿಯಿಂದ ಬಳಸುತ್ತಿದ್ದಾರೆ ಎಂಬ ಬರಹವಿದ್ದರೆ ಆ ವಾದ ನಿಲ್ಲುವುದಿಲ್ಲ. ಆದ್ದರಿಂದ ಅರ್ಧ ಪುಟ ಬರೆಯಿರಿ: ಗೆರೆ ಎಲ್ಲಿ, ಬೇಲಿ ಎಲ್ಲಿ, ಎತ್ತರ ಎಷ್ಟು, ದುಡ್ಡು ಯಾರದು, ದುರಸ್ತಿ ಯಾರದು. ಇಬ್ಬರ ಸಹಿ, ಓಣಿಯ ಇಬ್ಬರು ಹಿರಿಯರ ಸಾಕ್ಷಿ, ಜತೆಗೆ ದಾರ ಕಾಣುವಂತೆ ಮೊಬೈಲಿನಲ್ಲಿ ಒಂದು ಚಿತ್ರ. ಜಾಗವನ್ನೇ ಬಿಟ್ಟುಕೊಡುವ ಮಾತು ಬಂದರೆ ಮಾತ್ರ ಈ ಕಾಗದ ಸಾಲದು, ಉಪನೋಂದಣಾಧಿಕಾರಿ ಕಚೇರಿಗೆ ಹೋಗಲೇಬೇಕು.

ಯಾವ ಬೇಲಿ?

ಕಲ್ಲುಕಂಬ, ಚೈನ್‌ಲಿಂಕ್ ಜಾಲರಿ, ನೆಲದಿಂದ ಐದು ಅಡಿ. ನನ್ನನ್ನು ಕೇಳಿದರೆ ಬೇರೆ ಉತ್ತರವಿಲ್ಲ.

ತಗಡು ಬೇಡವೇ ಬೇಡ. ಆಷಾಢದ ಗಾಳಿಗೆ ಅದು ದೋಣಿಯ ಹಾಯಿಯಂತೆ ಉಬ್ಬಿ ಕಂಬವನ್ನೇ ಕೀಳುತ್ತದೆ, ರಾತ್ರಿಯೆಲ್ಲ ಬಡಿದುಕೊಳ್ಳುತ್ತದೆ. ಹಸಿರು ನೆರಳುಬಲೆ ನಮ್ಮ ಬಿಸಿಲಿಗೆ ಬೇಗ ಚಿಂದಿಯಾಗುತ್ತದೆ. ಗೋಡೆಯ ಮೇಲೆ ಗಾಜಿನ ಚೂರು ನೆಡುವವರು ತಮ್ಮ ಮನೆಯ ಮಕ್ಕಳೇ ಚೆಂಡು ತರಲು ಹತ್ತುತ್ತಾರೆ ಎಂಬುದನ್ನು ನೆನಪಿಡಲಿ. ಮನೆಯ ವಿದ್ಯುತ್ತನ್ನು ತಂತಿಗೆ ಹರಿಸುವುದು ಅಪರಾಧ, ಅದರ ಚರ್ಚೆಯೂ ಬೇಡ. ಕಡಿದ ಜಾಲಿ ಮುಳ್ಳನ್ನು ಒಟ್ಟಿ ಬೇಲಿ ಮಾಡುವ ಅಡ್ಡದಾರಿ ಹಳ್ಳಿಗಳಲ್ಲಿ ಇನ್ನೂ ಇದೆ. ಬೇಸಿಗೆಯಲ್ಲಿ ಒಂದು ಬೀಡಿಯ ಕಿಡಿ ಸಾಕು. ಅಮೆರಿಕ ಖಂಡದಿಂದ ಬಂದು ಬಳ್ಳಾರಿ ಜಾಲಿ ಎಂಬ ಹೆಸರು ಗಿಟ್ಟಿಸಿಕೊಂಡ ಆ ಗಿಡವನ್ನು ಬೇಲಿಗೆಂದು ನೆಡುವ ಯೋಚನೆಯಂತೂ ಬಿಡಿ. ಆಡುಗಳು ಕಾಯಿ ತಿಂದು ಬೀಜವನ್ನು ಓಣಿಗೆಲ್ಲ ಹಂಚುತ್ತವೆ. ಹಸಿರು ಬೇಲಿಯೇ ಬೇಕೆಂದರೆ ಮದರಂಗಿ ಅಥವಾ ಲಕ್ಕಿ ನೆಡಿ. ಕಳ್ಳಿಯ ಹಾಲು ಕಣ್ಣಿಗೆ ಸಿಡಿದರೆ ಅಪಾಯ, ಮಕ್ಕಳಿರುವ ಮನೆಗೆ ಅದು ಸಲ್ಲದು.

ಜಾಲರಿ ಕೊಳ್ಳುವಾಗ ಗೇಜಿನ ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳುವಾಗುತ್ತದೆ ಎಂಬುದು ನೆನಪಿರಲಿ. 10 ಗೇಜು ಎಂದರೆ ಸುಮಾರು 3.2 ಮಿ.ಮೀ., 12 ಗೇಜು 2.6, 14 ಗೇಜು 2. ಹನ್ನೆರಡೆಂದು ಹೇಳಿ ಹದಿನಾಲ್ಕು ಕೊಡುವ ಅಂಗಡಿಗಳಿವೆ, ತಂತಿಯ ದಪ್ಪ ಅಳೆಸಿಯೇ ದುಡ್ಡು ಕೊಡಿ.

ಗುಂಡಿ

ಮಸಾರಿ (ಕೆಂಪು ಮಣ್ಣಿನ) ನೆಲವಾದರೆ ಎರಡು ಅಡಿ ತೋಡಿ, ಕಂಬ ನಿಲ್ಲಿಸಿ, ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬಿ ಗುದ್ದಿ, ಮುಗಿಯಿತು.

ಎರೆ ನೆಲದ್ದು ಬೇರೆಯೇ ಕಥೆ. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಕೈ ಹಿಡಿಸುವಷ್ಟು ಬಾಯಿ ಬಿಡುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಂಬಗಳು ಒಂದೊಂದು ದಿಕ್ಕಿಗೆ ವಾಲುತ್ತವೆ, ಪಕ್ಕದವರು "ನಮ್ಮ ಕಡೆಗೆ ತಳ್ಳಿದಿರಿ" ಎನ್ನುತ್ತಾರೆ. ತೋಡಲು ಸರಿಯಾದ ಕಾಲ ಹಿಂಗಾರು ಮಳೆ ನಿಂತ ಮೇಲೆ, ಬಿರುಕು ಮುಚ್ಚಿ ಮಣ್ಣು ಹಾರೆಗೆ ಅಂಟದಷ್ಟು ಆರಿದಾಗ. ಏಳೂವರೆ ಅಡಿಯ ಕಂಬಕ್ಕೆ ಎರಡೂವರೆ ಅಡಿ ಆಳ ಬೇಕು.

ಗುಂಡಿಯ ಆಕಾರದಲ್ಲಿ ಎಲ್ಲರೂ ತಪ್ಪುತ್ತಾರೆ. ಹಾರೆಯಿಂದ ತೋಡುವವರು ಬಾಯಿ ಅಗಲ, ತಳ ಕಿರಿದು ಮಾಡುತ್ತಾರೆ, ಏಕೆಂದರೆ ಮಣ್ಣು ಎತ್ತಲು ಅದು ಸುಲಭ. ಅದರಲ್ಲಿ ಕಾಂಕ್ರೀಟು ತುಂಬಿದರೆ ಮೇಲಿನ ಅಗಲ ಭಾಗ ಮಣ್ಣಿಗೆ ಹಿಡಿಕೆ ಕೊಟ್ಟಂತಾಗಿ, ಮಣ್ಣು ಉಬ್ಬಿದಾಗಲೆಲ್ಲ ಕಂಬವನ್ನು ಮೇಲಕ್ಕೆ ಎತ್ತುತ್ತದೆ. ಗೋಡೆಗಳು ನೆಟ್ಟಗಿರಬೇಕು, ಸಾಧ್ಯವಾದರೆ ತಳವೇ ತುಸು ಅಗಲವಿರಬೇಕು. ಆಳು "ಇಷ್ಟು ಸಾಕು, ಅಣ್ಣಾವ್ರೇ" ಎಂದರೂ ನೀವೇ ಬಗ್ಗಿ ನೋಡಿ. ತಳಕ್ಕೆ ನಾಲ್ಕು ಇಂಚು ಖಡಿ (ಜಲ್ಲಿಕಲ್ಲು) ಹಾಕಿ. ಕಂಬ ನಿಲ್ಲಿಸಿ ತೂಕದ ಗುಂಡು ಇಳಿಬಿಟ್ಟು ಎರಡು ಬದಿಯಿಂದ ನೋಡಿ. ಬಳಿಕ ಒಂದು ಪಾಲು ಸಿಮೆಂಟ್, ಎರಡು ಪಾಲು ಉಸುಕು, ನಾಲ್ಕು ಪಾಲು ಖಡಿಯ ಕಾಂಕ್ರೀಟು ತುಂಬಿ. ತೋಡಿದ ಎರೆ ಮಣ್ಣನ್ನು ಮರಳಿ ಗುಂಡಿಗೆ ನೂಕುವ ಆಳನ್ನು ಅಲ್ಲಿಯೇ ತಡೆಯಿರಿ. ಕಾಂಕ್ರೀಟಿನ ತಲೆ ನೆಲದಿಂದ ಒಂದು ಇಂಚು ಮೇಲಿದ್ದು ಹೊರಕ್ಕೆ ಇಳಿಜಾರಾಗಿರಲಿ, ನೀರು ಕಂಬದ ಬುಡದಲ್ಲಿ ನಿಲ್ಲಬಾರದು.

ಕಂಬದಿಂದ ಕಂಬಕ್ಕೆ ಎಂಟು ಅಡಿ. ಮೂಲೆಯ ಕಂಬಗಳಿಗೆ ಓರೆಯಾಗಿ ಆಸರೆ ಕಂಬ ಕೊಡಿ. ದುಡ್ಡು ಉಳಿಸಲು ಇದನ್ನು ಬಿಟ್ಟವರ ಜಾಲರಿ ಜೋತು ಬಿದ್ದಿರುವುದನ್ನು ಯಾವ ಬಡಾವಣೆಯಲ್ಲೂ ನೋಡಬಹುದು. ಒದ್ದೆ ಗೋಣಿ ಸುತ್ತಿ ಏಳು ದಿನ ನೀರುಣಿಸಿ. ಮರುದಿನವೇ ತಂತಿ ಎಳೆಯಲು ಬರುವ ಗುತ್ತಿಗೆದಾರನಿಗೆ ಚಹಾ ಕೊಟ್ಟು ವಾಪಸು ಕಳಿಸಿ.

ಜಾಲರಿ

ಮೇಲೆ, ನಡುವೆ, ಕೆಳಗೆ ಮೂರು ಸಾಲು ತಂತಿ ಬಿಗಿದು ಜಾಲರಿ ಕಟ್ಟಿ. ಹಂದಿಗಳು ಮೂತಿಯಿಂದ ಕೆಳಗಿನ ಅಂಚನ್ನು ಎತ್ತುತ್ತವೆ, ಅಲ್ಲಿ ಒಡೆದ ಶಹಾಬಾದ್ ಪರಸಿಯ (ಚಪ್ಪಡಿ ಕಲ್ಲಿನ) ತುಂಡುಗಳನ್ನು ನಿಲ್ಲಿಸಿ ಅರ್ಧ ಹೂಳಿ. ಮಳೆನೀರು ಪಕ್ಕದವರ ಹಿತ್ತಲಿನಿಂದ ಇಳಿದು ಬರುವ ಕಡೆ ಪರಸಿಯ ನಡುವೆ ಸಂದು ಬಿಡಿ. ನೀರು ಅವರ ಕಡೆ ನಿಂತರೆ ಎರೆ ಮಣ್ಣು ಉಬ್ಬಿ ಹೊಡೆತ ಬೀಳುವುದು ನಿಮ್ಮ ಕಂಬಕ್ಕೆ.

ಮೊದಲ ಬೇಸಿಗೆ ಕಳೆದಾಗ ತಂತಿ ಸಡಿಲಾಗಿರುತ್ತದೆ. ಮುಂಗಾರಿಗೆ ಮುನ್ನ ಒಮ್ಮೆ ಬಿಗಿ ಮಾಡಿಸಿ. ಪಕ್ಕದವರಿಗೆ ಹಿಂದಿನ ದಿನವೇ ಹೇಳಿಡಿ, ಅವರ ಬದಿಯಿಂದ ಜಾಲರಿ ಹಿಡಿದುಕೊಳ್ಳಲು ಒಬ್ಬರು ಬೇಕಾಗುತ್ತಾರೆ.