ರುಚಿ ನೋಡದೆ ಮಾಡುವ ಈಸ್ಟರ್ ಅಡುಗೆ

ಕ್ರಿಸ್ಮಸ್‌ನ ತಾರೀಕು ಬದಲಾಗುವುದಿಲ್ಲ. ಈಸ್ಟರ್ ಹಾಗಲ್ಲ, ಹುಣ್ಣಿಮೆಯನ್ನು ನೋಡಿಕೊಂಡು ಬರುತ್ತದೆ. 2024ರಲ್ಲಿ ಮಾರ್ಚ್ 31ಕ್ಕೆ ಬಂದ ಹಬ್ಬ, 2025ರಲ್ಲಿ ಏಪ್ರಿಲ್ 20ಕ್ಕೆ ಬಂತು. ಚಿಕ್ಕಮಗಳೂರಿನಲ್ಲಿ ಅಡುಗೆ ಮಾಡುವವರಿಗೆ ಈ ಮೂರು ವಾರ ಸಣ್ಣ ವ್ಯತ್ಯಾಸವಲ್ಲ. ಹಬ್ಬ ಬೇಗ ಬಂದರೆ ತೋಟದಲ್ಲಿ ಎಳೆ ಗುಜ್ಜೆ, ಅಂದರೆ ಹಲಸಿನ ಕಾಯಿ, ಸಿಗುತ್ತದೆ. ತಡವಾದರೆ ಬೀಜ ಬಲಿತು, ಬೇಯುವ ಹೊತ್ತೂ ರುಚಿಯೂ ಬೇರೆಯಾಗುತ್ತವೆ.

ನಮ್ಮದು ಕಾಫಿ ತೋಟದ ಕೆಲಸಕ್ಕೆಂದು ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಬಂದ ಕ್ಯಾಥೊಲಿಕ್ ಕುಟುಂಬ. ಆದ್ದರಿಂದ ಈಸ್ಟರ್ ಊಟವೆಂದರೆ ಸನ್ನಾ (ಇಡ್ಲಿಯಂತೆ ಉಗಿಯಲ್ಲಿ ಬೇಯಿಸುವ ಮೆತ್ತಗಿನ ತಿಂಡಿ), ಹಂದಿ ಮಾಂಸದ ಮಸಾಲೆ ಅಡುಗೆಯಾದ ಬಾಫತ್, ಕೋಳಿ ಸಾರು, ಗುಜ್ಜೆ ಮತ್ತು ಕಪ್ಪು ಕಡಲೆಯ ಸುಕ್ಕ (ಒಣ ಪಲ್ಯ), ಕೊನೆಗೆ ಬೆಲ್ಲ, ತೆಂಗಿನ ಹಾಲು ಹಾಕಿದ ಹೆಸರುಬೇಳೆ ಪಾಯಸ. ಇಷ್ಟು ಸಾಕು. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸು ಕಾಲವನ್ನು ಪಾಲಿಸಿ, ಶುಭ ಶುಕ್ರವಾರ (ಗುಡ್ ಫ್ರೈಡೆ) ಗಂಜಿ ಉಂಡ ಹೊಟ್ಟೆಗೆ ಇದಕ್ಕಿಂತ ಹೆಚ್ಚು ಹೇರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬಾಫತ್ ಒಂದು ರಾತ್ರಿ ಕಳೆದ ಮೇಲೆಯೇ ರುಚಿಗೆ ಬರುವ ಅಡುಗೆ. ಅದನ್ನು ಶನಿವಾರವೇ ಮಾಡಬೇಕು. ಮಾಂಸ ಬಿಡಲು ಧರ್ಮಸಭೆ ಕಡ್ಡಾಯ ಮಾಡಿರುವುದು ಶುಭ ಶುಕ್ರವಾರಕ್ಕೆ, ಈ ಶನಿವಾರಕ್ಕಲ್ಲ. ಆದರೆ ಶನಿವಾರ ರಾತ್ರಿ ಚರ್ಚ್‌ನಲ್ಲಿ ನಡೆಯುವ ಪಾಸ್ಖ (ಈಸ್ಟರ್) ಜಾಗರಣೆಯ ಬಲಿಪೂಜೆ ಮುಗಿಯುವವರೆಗೂ ಮಾಂಸ ಬಾಯಿಗೆ ಹೋಗಬಾರದು ಎಂಬುದು ಅತ್ತೆಯವರು ನಡೆಸಿಕೊಂಡು ಬಂದ ಕ್ರಮ. ನಾನೂ ಅದನ್ನು ಮನಸಾರೆ ಪಾಲಿಸುತ್ತೇನೆ. ಹಾಗಾಗಿ ಹಬ್ಬದ ಮುಖ್ಯ ಅಡುಗೆಯನ್ನು ನಾಲಿಗೆಗೆ ತಾಗಿಸದೆಯೇ ಮಾಡಬೇಕು, ಅಳತೆಯನ್ನೇ ನಂಬಬೇಕು.

ನನ್ನ ಅಳತೆ ಹೀಗೆ. ಕೊಬ್ಬು ಸಹಿತವಾದ 2 ಕಿಲೋ ಮಾಂಸಕ್ಕೆ ತಕ್ಕಡಿಯಲ್ಲಿ ತೂಗಿದ 25 ಗ್ರಾಂ ಉಪ್ಪು. ಭಾನುವಾರ ಬೇಕೆನಿಸಿದರೆ ಇನ್ನಷ್ಟು ಸೇರಿಸಬಹುದು, ಹಾಕಿದ್ದನ್ನು ತೆಗೆಯಲಾಗದು. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಿಸಿನ ಸೇರಿದ ಬಾಫತ್ ಪುಡಿಯನ್ನು ವಾರದ ಮೊದಲೇ ಮಾಡಿಡುತ್ತೇನೆ. ಕಾಳುಮೆಣಸು ಸಿಲ್ವರ್ ಮರಕ್ಕೆ ಹಬ್ಬಿದ ನಮ್ಮ ಬಳ್ಳಿಯದೇ. ಅದರ ಘಾಟು ಅಂಗಡಿಯ ಪುಡಿಗೆ ಬಾರದು. ಈರುಳ್ಳಿ, ಶುಂಠಿ, ಹಸಿಮೆಣಸಿನಕಾಯಿ, ವಿನೆಗರ್ ಎಲ್ಲವನ್ನೂ ಮಾಂಸಕ್ಕೆ ಕಲಸಿ ಸಣ್ಣ ಉರಿಯಲ್ಲಿ ಬೇಯಲು ಬಿಡುತ್ತೇನೆ. ಎಣ್ಣೆ ಬೇಡ, ಕೊಬ್ಬು ಕರಗಿ ತಾನೇ ಬಿಟ್ಟುಕೊಳ್ಳುತ್ತದೆ. ಮರುದಿನ ಮೇಲೆ ಗಟ್ಟಿಯಾಗಿ ನಿಂತ ಕೊಬ್ಬಿನಲ್ಲಿ ಅರ್ಧದಷ್ಟನ್ನು ತೆಗೆದು, ಆಮೇಲೆ ಬಿಸಿ ಮಾಡುತ್ತೇನೆ.

ಸುಕ್ಕಕ್ಕೆ ಬೇರೆಯೇ ಪಾತ್ರೆ, ಬೇರೆಯೇ ಸೌಟು. ಪಕ್ಕದ ಮನೆಯ ಅಕ್ಕ ಮಾಂಸ ಮುಟ್ಟುವವರಲ್ಲ, ಅವರ ಪಾಲು ಮೊದಲು ಡಬ್ಬಿಗೆ ಹೋಗಬೇಕು. ಕಡಲೆಯನ್ನು ಹಿಂದಿನ ರಾತ್ರಿಯೇ ನೆನೆಸಬೇಕು. ಗುಜ್ಜೆ ಹೆಚ್ಚುವ ಮೊದಲು ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಬೇಕು, ಇಲ್ಲವಾದರೆ ಮೇಣ ಬಿಡಿಸುವುದೇ ಅರ್ಧ ದಿನದ ಕೆಲಸ.

ಸನ್ನಾದ ಹಿಟ್ಟನ್ನು ಕಳ್ಳಿನಿಂದ ಉಬ್ಬಿಸುವುದು ಹಿಂದಿನವರ ಪದ್ಧತಿ. ಇಲ್ಲಿ ನಾನು ಈಸ್ಟ್ ಬಳಸುತ್ತೇನೆ. ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದಿನಬೇಳೆ. ಶನಿವಾರ ಸಂಜೆ ರುಬ್ಬಿ ಫ್ರಿಜ್‌ನಲ್ಲಿಟ್ಟು, ಭಾನುವಾರ ಬೆಳಗ್ಗೆ ಹೊರತೆಗೆದು, ಅದರ ತಣುಪು ಹೋದ ಮೇಲೆ ಸಕ್ಕರೆ ಬೆರೆಸಿದ ಬೆಚ್ಚಗಿನ ನೀರಿನಲ್ಲಿ ಕದಡಿದ ಈಸ್ಟ್ ಸೇರಿಸುತ್ತೇನೆ. ರಾತ್ರಿಯೇ ಈಸ್ಟ್ ಹಾಕಿಟ್ಟರೆ ನಾವು ಚರ್ಚ್‌ನಿಂದ ಬರುವಷ್ಟರಲ್ಲಿ ಹಿಟ್ಟು ಹುಳಿಯಾಗಿರುತ್ತದೆ. ಬಟ್ಟಲಿಗೆ ಅರ್ಧದಷ್ಟೇ ಹೊಯ್ಯಬೇಕು.

ಗೋಡಂಬಿಯ ಈಸ್ಟರ್ ಮೊಟ್ಟೆಗಳನ್ನು ಬೇಕರಿಯಿಂದ ತರುತ್ತೇವೆ. ಜಾಗರಣೆ ಮುಗಿಸಿ ತಡರಾತ್ರಿ ಮನೆಗೆ ಬಂದಾಗ ಮಕ್ಕಳಿಗೆ ಅವು, ದೊಡ್ಡವರಿಗೆ ಕಾಫಿ, ಕೇಕು. ನಾನು ಮಾತ್ರ ನೇರ ಒಲೆಯ ಬಳಿ ಹೋಗಿ ಬಾಫತ್‌ನ ಒಂದು ತುಂಡು ಬಾಯಿಗೆ ಹಾಕಿಕೊಂಡು, ಉಪ್ಪು ಎಷ್ಟು ಸೇರಿಸಬೇಕೆಂದು ಆಗಲೇ ನಿರ್ಧರಿಸುತ್ತೇನೆ. ಸೋಮವಾರಕ್ಕೆ ಅದರ ರುಚಿ ಇನ್ನೂ ಏರುವುದರಿಂದ, ಅತಿಥಿಗಳ ಲೆಕ್ಕಕ್ಕಿಂತ ಅರ್ಧ ಕಿಲೋ ಹೆಚ್ಚು ಮಾಂಸವನ್ನು ಮೊದಲೇ ಹೇಳಿ ತರಿಸಿರುತ್ತೇನೆ.